ಗಾಜಿಗೆ ಬಾರದ ನೀರು

ಕಾರಿನ ಮುಂದಿನ ಗಾಜಿಗೆ ನೀರು ಚಿಮ್ಮುತ್ತಿರಲಿಲ್ಲ. ಸ್ಟೀರಿಂಗಿನ ಪಕ್ಕದ ಕಡ್ಡಿಯನ್ನು ಎಳೆದರೆ ಬಾನೆಟ್ಟಿನ ಒಳಗೆಲ್ಲೋ ಮೋಟರು ಗುಂಯ್ ಅನ್ನುತ್ತಿತ್ತು. ವೈಪರ್ ಎದ್ದು, ಒಣ ಸುಣ್ಣದ ಧೂಳನ್ನು ಗಾಜಿನ ತುಂಬ ಸವರಿ, ಮತ್ತೆ ಮಲಗುತ್ತಿತ್ತು. ಬೇರೆ ಊರಿನಲ್ಲಾಗಿದ್ದರೆ ಇದೊಂದು ತೊಂದರೆಯೇ ಅಲ್ಲ. ನಮ್ಮ ಊರಿನಿಂದ ಹೊರಗೆ ಹೋಗಲು ಇರುವುದು ಸುಣ್ಣ ಸುಡುವ ಗೂಡುಗಳ ನಡುವಿನ ಒಂದೇ ದಾರಿ. ಅಲ್ಲಿ ಎದುರಿಗೆ ಒಂದು ಲಾರಿ ಬಂದರೆ ಸಾಕು, ಗಾಜು ಗೋಡೆಯಾಗುತ್ತದೆ. ಇಳಿದು ಬಟ್ಟೆಯಿಂದ ಒರೆಸಿ ಮತ್ತೆ ಹತ್ತುವಷ್ಟರಲ್ಲಿ ಇನ್ನೊಂದು ಲಾರಿ ಬಂದಿರುತ್ತದೆ. ಹಿಂದಿನ ವಾರ, ಕಾರು ಓಡಿಸುವುದು ಮರೆತಿಲ್ಲವಲ್ಲ ಎಂದು ನೋಡಲು ಆ ದಾರಿಯಲ್ಲಿ ಹೊರಟು, ಏನೂ ಕಾಣದೆ, ಕುರಿಯ ಹಿಂಡಿನೊಳಗೆ ಹೋಗಿ ನಿಂತಿದ್ದೆ. ಕುರಿಗಳಿಗೆ ಏನೂ ಆಗಲಿಲ್ಲ. ಕುರುಬ ಬೈಯಲು ಬಂದವನು ಕುಂಕುಮವಿಲ್ಲದ ನನ್ನ ಹಣೆ ನೋಡಿ ಸುಮ್ಮನಾದ.

ಸೋಮವಾರ ನಾನು ಆ ದಾರಿಯ ಆಚೆ ಇರುವ ಕಾಲೇಜಿಗೆ ಹೋಗಿ ಕೆಲಸಕ್ಕೆ ಸೇರಬೇಕಿತ್ತು. ರಸಾಯನಶಾಸ್ತ್ರ ಕಲಿಸುವ ಕೆಲಸ. ಸೋಮವಾರ ಬಾರದಿದ್ದರೆ ಬೇರೆಯವರನ್ನು ಕರೆಯುತ್ತೇವೆ ಎಂದು ಪ್ರಿನ್ಸಿಪಾಲರು ಫೋನಿನಲ್ಲಿ ಹೇಳಿದ್ದರು. ಅವರದು ತಪ್ಪಲ್ಲ. ಮೊದಲ ಸಲ ಸಂದರ್ಶನಕ್ಕೆ ಕರೆದಾಗ ನಾನು ಹೋಗಿರಲಿಲ್ಲ. ಹೋಗಬೇಕಾಗಿದ್ದ ದಿನದ ಹಿಂದಿನ ಮಧ್ಯಾಹ್ನ ಊರಿನ ಶಾಲೆಯಲ್ಲಿ ಮಾಸ್ತರನಾಗಿದ್ದ ನನ್ನ ಗಂಡ ನಿಜಗುಣ ಊಟ ಮುಗಿಸಿ ಕೈ ತೊಳೆಯಲು ಎದ್ದವನು ಬಚ್ಚಲ ಬಾಗಿಲಲ್ಲಿ ಬಿದ್ದು ತೀರಿಹೋಗಿದ್ದ. ಆಮೇಲೆ ಕಾರು ಓಣಿಯಲ್ಲಿ ಹೊದಿಕೆಯ ಕೆಳಗೆ ತಿಂಗಳುಗಟ್ಟಲೆ ನಿಂತಿತ್ತು. ನಾನೂ ಹೆಚ್ಚುಕಡಿಮೆ ಹಾಗೆಯೇ ಇದ್ದೆ. ಆ ಕಾಲೇಜಿನವರು ಎರಡನೆಯ ಸಲ ಕರೆದದ್ದು ಯಾಕೆಂದು ನನಗೆ ಈಗಲೂ ತಿಳಿಯದು. ಆ ದಾರಿಯಲ್ಲಿ ಬಸ್ಸು ಓಡುವುದಿಲ್ಲ. ಕಾರು ಇಲ್ಲದಿದ್ದರೆ ಕೆಲಸವೂ ಇಲ್ಲ.

ಈ ಊರಿನ ನೀರಿನ ವಿಷಯ ನನಗೆ ತಿಳಿದದ್ದು ಮದುವೆಯಾಗಿ ಬಂದ ಮೇಲೆ. ಇಲ್ಲಿ ಯಾರಾದರೂ ಸತ್ತರೆ ಅವರು ತುಂಬಿಟ್ಟ ನೀರು ನಿಂತುಬಿಡುತ್ತದೆ. ಕೊಡವನ್ನು ಬಗ್ಗಿಸಿದರೂ ಬೀಳುವುದಿಲ್ಲ, ಬೋರಲು ಹಾಕಿದರೂ ಬೀಳುವುದಿಲ್ಲ. ಮೇಲಿನಿಂದ ಬೇರೆ ನೀರು ಸುರಿದರೆ ಅದು ಅಂಚಿನಿಂದಲೇ ಹರಿದುಹೋಗುತ್ತದೆ. ಮನೆಯವರು ಬೊಗಸೆ ಹಾಕಿ ಎತ್ತಿದರೆ ಮಾತ್ರ ಮತ್ತೆ ನೀರಾಗಿ ಬೆರಳ ಸಂದಿಯಲ್ಲಿ ಇಳಿಯುತ್ತದೆ. ಅದನ್ನು ಗಿಡದ ಬುಡಕ್ಕೆ ಬಿಡುತ್ತಾರೆ. ನೀರು ಬಿಡಿಸುವುದು ಎಂದು ಅದಕ್ಕೆ ಹೆಸರು. ಬಿಡಿಸುವ ತನಕ ಹೋದವರು ಹೋದಂತಲ್ಲ. ಇಬ್ಬರು ಕೈ ಹಚ್ಚಿ ತುಂಬಿದ ನೀರು ಒಬ್ಬರು ಹೋದರೆ ನಿಲ್ಲುವುದಿಲ್ಲ. ಹಾಗಾಗಿ ಊರಿನ ದೊಡ್ಡ ಟ್ಯಾಂಕಿನ ವಾಲ್ವನ್ನು ಇಬ್ಬರು ಸೇರಿ ತಿರುಗಿಸುತ್ತಾರೆ. ಜ್ವರ ಬಂದವರು ಕೊಡ ಮುಟ್ಟುವುದಿಲ್ಲ. ಮುದುಕಿಯರು ನಲ್ಲಿಯ ಹತ್ತಿರ ನಿಂತು ದಾರಿಯಲ್ಲಿ ಹೋಗುವವರನ್ನು "ಬಾ, ಕೈ ಹಚ್ಚು" ಎಂದು ಕರೆಯುತ್ತಾರೆ. ಜಗಳವಾಡಿದ ಹೆಂಡತಿಯರು ಒಬ್ಬರೇ ಕೊಡ ತುಂಬಿಕೊಂಡು ಬಂದು ಅಡುಗೆಮನೆಯಲ್ಲಿ ಕುಕ್ಕುತ್ತಾರೆ. ಗಂಡಂದಿರಿಗೆ ಅದರ ಅರ್ಥ ಗೊತ್ತಾಗುತ್ತದೆ.

ನಿಜಗುಣ ಯಾರನ್ನೂ ಕರೆಯುತ್ತಿರಲಿಲ್ಲ. ಅವನ ವಯಸ್ಸಿನವರು ಯಾರೂ ಕರೆಯುವುದಿಲ್ಲ. ಅವನ ನೀರನ್ನೆಲ್ಲ ಬಿಡಿಸಿದವರು ನನ್ನ ಅತ್ತೆ. ನಾನು ಆ ದಿನಗಳಲ್ಲಿ ಗೋಡೆಗೆ ಒರಗಿ ಕುಳಿತೇ ಇದ್ದೆ. ನೆನಪಿರುವುದು ಅವರ ಒದ್ದೆ ಸೆರಗು ಮಾತ್ರ, ನನ್ನ ಮುಂದೆ ಹಿತ್ತಲಿಗೆ ಹೋಗುತ್ತ ಬರುತ್ತ ಇದ್ದದ್ದು. ಬಚ್ಚಲ ಹಂಡೆ, ಗಡ್ಡ ಬೋಳಿಸುವ ಮಗ್ಗು, ಕೂಲರಿನ ತಳ, ಶಾಲೆಯ ಚೀಲದಲ್ಲಿದ್ದ ಬಾಟಲಿ, ಬೆಕ್ಕಿನ ಬಟ್ಟಲು. ಫ್ರಿಜ್ಜಿನ ಬರ್ಫವನ್ನು ಅಂಗೈಯಲ್ಲಿ ಹಿಡಿದು ಕರಗಿಸಿದರು. "ಎಲ್ಲಾ ಬಿಡಸೀನಿ. ಒಂದು ಹನಿ ಉಳದಿಲ್ಲ," ಎಂದು ಮಾತನಾಡಿಸಲು ಬಂದವರಿಗೆಲ್ಲ ಹೇಳಿದರು. ಅದನ್ನು ಹೇಳುವಾಗ ಅವರ ದನಿ ಗಟ್ಟಿಯಾಗಿರುತ್ತಿತ್ತು. ಬೇರೆ ಯಾವುದಕ್ಕೂ ಇರುತ್ತಿರಲಿಲ್ಲ.

ಎಲ್ಲರೂ ಬಿಡಿಸುವುದಿಲ್ಲ. ಎದುರು ಮನೆಯ ಕಲ್ಲವ್ವ ತನ್ನ ಮಗಳ ನೀರಿನ ಬಾಟಲಿಯನ್ನು ಗೋಡೆಯ ಮಾಡದಲ್ಲಿ ಇಟ್ಟುಕೊಂಡಿದ್ದಾಳೆ. ಯಾರೂ ಏನೂ ಅನ್ನುವುದಿಲ್ಲ. ಆಕೆ ಈ ಓಣಿ ಬಿಟ್ಟು ಆಚೆ ಹೋದದ್ದನ್ನು ನಾನು ಬಂದಾಗಿನಿಂದ ನೋಡಿಲ್ಲ.

ಶನಿವಾರ ಬೆಳಿಗ್ಗೆ ಮೆಕ್ಯಾನಿಕ್ ದಸ್ತಗೀರಣ್ಣ ಬಂದ. ನಿಜಗುಣ ಈ ಹಳೆಯ ಕಾರನ್ನು ಕೊಂಡಾಗಿನಿಂದ ನೋಡಿಕೊಂಡವನು ಅವನೇ. ಬಾನೆಟ್ ಎತ್ತಿ, ಅದಕ್ಕೆ ಆನಿಕೆಯ ಸರಳು ಕೊಟ್ಟು, ಈ ಊರಿನ ಮೆಕ್ಯಾನಿಕ್ಕುಗಳೆಲ್ಲ ಮೊದಲು ಕೇಳುವುದನ್ನು ಕೇಳಿದ.

"ನೀರು ಯಾರು ಹಾಕೀರಿ, ಅಕ್ಕಾರ?"

"ನಾನೇ. ಮೊನ್ನೆ ಒಂದು ಚೊಂಬು ಹಾಕಿದೆ."

"ಹಂಗಾರ ಅದಲ್ಲ ಬಿಡ್ರಿ." ಅವನಿಗೆ ಸಮಾಧಾನವಾಯಿತು. "ರೇಡಿಯೇಟರ್ನಾಗಿಂದು ನಂದು. ಈ ಊರಿನ ಅರ್ಧ ಗಾಡಿಯೊಳಗ ನನ್ನ ನೀರೈತಿ. ನಾ ಹೋದ ದಿನ ಎಲ್ಲಾ ಎಂಜಿನ್ ಒಮ್ಮೆಲೆ ಕಾದು ನಿಂತಬಿಡ್ತಾವು. ಆಗ ಗೊತ್ತಾಗತೈತಿ ಮಂದಿಗೆ ದಸ್ತಗೀರನ ಬೆಲಿ."

"ನೀ ಹೋಗೂ ಮಾತು ಆಮ್ಯಾಲ ಆಡು," ಎಂದರು ಕಟ್ಟೆಯ ಮೇಲೆ ಕುಳಿತಿದ್ದ ಅತ್ತೆ. "ಸೋಮಾರ ಆಕಿ ಹೋಗಬೇಕು. ಮೊದಲ ಇದನ್ನ ನೋಡು."

ಅವನು ನೋಡಿದ. ಮೋಟರು ಸದ್ದು ಮಾಡುತ್ತಿರುವುದರಿಂದ ಫ್ಯೂಸು ಸರಿಯಿದೆ ಎಂದ. ಆದರೂ ಕಿತ್ತು, ಬೆಳಕಿಗೆ ಹಿಡಿದು, ನನಗೂ ತೋರಿಸಿ, ಮತ್ತೆ ಹಾಕಿದ. ಬಾನೆಟ್ಟಿನ ಮೇಲಿನ ಎರಡು ತೂತುಗಳಿಗೆ ಗುಂಡುಪಿನ್ನು ಚುಚ್ಚಿ ಸುಣ್ಣದ ಪುಡಿ ತೆಗೆದ. ಎಡಗಡೆಯದಕ್ಕೆ ಬಂದಾಗ ನಕ್ಕ.

"ಇದರ ಬಾಯಿ ಮೊದಲಿಂದ ಸೊಟ್ಟ ನೋಡ್ರಿ. ಗಾಜಿಗೆ ಬಿಡೂದು ಬಿಟ್ಟು ಟಾಪ್ ಹಾರಿಸಿ ಹಿಂದ ಬರೋ ಬೈಕಿನವರ ಮಾರಿಗೆ ಬಿಡತಿತ್ತು. ಎಷ್ಟು ಮಂದಿ ಕಡಿಂದ ಬೈಸ್ಕೊಂಡಾರ ಮಾಸ್ತರು. ಸೀದಾ ಮಾಡ್ತೀನಂದ್ರ, ಇರಲಿ ಬಿಡೋ, ಹಂಗರೆ ನಾಕ ಮಂದಿ ಮಾರಿ ತೊಳಕೋತಾರ ಅಂತಿದ್ರು."

ಮತ್ತೆ ಕಡ್ಡಿ ಎಳೆದೆ. ಗುಂಯ್. ಏನೂ ಬರಲಿಲ್ಲ. ಅವನು ತೂತಿನ ಕೆಳಗಿನ ಸಣ್ಣ ಪೈಪನ್ನು ಕಿತ್ತು ಬಾಯಿಗಿಟ್ಟು ಊದಿದ. ಗಾಳಿ ಹೋಗಲಿಲ್ಲ. ಕೆನ್ನೆ ಉಬ್ಬಿಸಿ ಇನ್ನೊಮ್ಮೆ ಊದಿದ. ಪೈಪಿನೊಳಗೆ ಸುಣ್ಣ ಕಟ್ಟಿರಬೇಕು, ವಿನೆಗರ್ ಬಿಟ್ಟರೆ ಕರಗುತ್ತದೆ ಎಂದು ನಾನು ಹೇಳಿದೆ. ಎಷ್ಟೋ ತಿಂಗಳ ಮೇಲೆ ನಾನು ಓದಿದ್ದು ಒಂದು ಮಾತಾಗಿ ಹೊರಗೆ ಬಂದಿತ್ತು. ಅಡುಗೆಮನೆಯಿಂದ ವಿನೆಗರ್ ತಂದು ಬಿಟ್ಟೆವು. ಅದು ಪೈಪಿನ ಬಾಯಲ್ಲೇ ಕುಳಿತು ಹೊರಗೆ ಸುರಿಯಿತು. ದಸ್ತಗೀರಣ್ಣ ತಲೆ ಕೆರೆದುಕೊಂಡ. ಕೊನೆಗೆ ಮೋಟರಿನದೇ ತಪ್ಪು ಎಂದು ತೀರ್ಮಾನಿಸಿದ. ಬರೀ ಸದ್ದು ಮಾಡುತ್ತದೆ, ತಳ್ಳುವ ಶಕ್ತಿ ಇಲ್ಲ, ಈ ಕಾಲದ ಗಂಡಸರ ಹಾಗೆ ಎಂದ. ಅತ್ತೆ "ನೀನೂ ಈ ಕಾಲದಾವನ" ಎಂದರು. ಅವನ ಚೀಲದಲ್ಲಿ ಗುಜರಿಯಿಂದ ಆರಿಸಿ ತಂದ ಒಂದು ಮೋಟರು ಇತ್ತು.

ಮೋಟರು ನೀರಿನ ಡಬ್ಬಿಯ ತಳಕ್ಕೆ ಸಿಕ್ಕಿಸಿದ್ದು. ಡಬ್ಬಿ ಬಲಗಾಲಿಯ ಮೇಲಿನ ಸಂದಿಯಲ್ಲಿತ್ತು. ಅವನು ಕಾರಿನ ಕೆಳಗೆ ಮಲಗಿ ಕೈ ತೂರಿಸಿದ.

"ಬಕೀಟು ಹಿಡೀರಿ ಅಕ್ಕಾರ. ಕಿತ್ತ ಕೂಡಲೆ ಒಮ್ಮೆಲೆ ಬರತೈತಿ."

ನಾನು ಬಕೆಟ್ ಹಿಡಿದು ಕುಕ್ಕರಗಾಲಲ್ಲಿ ಕುಳಿತೆ. ಅವನು ಮೋಟರನ್ನು ಕಿತ್ತ. ನಾನು ಹಿಡಿದೇ ಇದ್ದೆ. ಬಕೆಟ್ಟಿನಲ್ಲಿ ಏನೂ ಬೀಳಲಿಲ್ಲ. ಬಗ್ಗಿ ನೋಡಿದೆ. ತಳದ ತೂತಿನಲ್ಲಿ ನೀರು ಗಾಜಿನ ಬಿಲ್ಲೆಯ ಹಾಗೆ ಕುಳಿತಿತ್ತು. ಅದರಲ್ಲಿ ಓಣಿಯ ಬೆಳಕು ತಲೆಕೆಳಗಾಗಿ ಕಾಣುತ್ತಿತ್ತು.

ದಸ್ತಗೀರಣ್ಣ ಕಾರಿನ ಕೆಳಗಿನಿಂದ ಹೊರಗೆ ಬಂದ. ಕೈ ಒರೆಸಿಕೊಂಡ. ಆಮೇಲೆ ಡಬ್ಬಿಯ ಬೋಲ್ಟುಗಳನ್ನು ಬಿಚ್ಚಿ, ಅದನ್ನು ಹೊರಗೆ ತೆಗೆದು, ಖಾತ್ರಿ ಮಾಡಿಕೊಳ್ಳಲೆಂದು ಒಂದೇ ಒಂದು ಸಲ ಬೋರಲು ಹಿಡಿದ. ಡಬ್ಬಿ ತುಂಬಿತ್ತು. ಒಂದು ಹನಿಯೂ ಕೆಳಗೆ ಬರಲಿಲ್ಲ. ಅವನು ಅದನ್ನು ಕಟ್ಟೆಯ ಮೇಲೆ ಮೆಲ್ಲಗೆ ಇಟ್ಟು, ತಲೆಯ ಟೋಪಿ ಸರಿಮಾಡಿಕೊಂಡು, ಒಂದು ಹೆಜ್ಜೆ ಹಿಂದೆ ಸರಿದ.

"ನೀವು ಹಾಕಿದ್ದು ಒಳಗ ಹೋಗೇ ಇಲ್ರಿ ಅಕ್ಕಾರ. ಮ್ಯಾಲಿಂದನ ಚೆಲ್ಲಿ ಹೋಗೈತಿ."

ಇರಬೇಕು. ಚೊಂಬು ಖಾಲಿಯಾದದ್ದು ನೋಡಿದ್ದೆ. ನೀರು ಎಲ್ಲಿಗೆ ಹೋಯಿತೆಂದು ನೋಡಿರಲಿಲ್ಲ. ಈಗ ಡಬ್ಬಿಯ ಬಾಯಿಯ ಹತ್ತಿರ ಮುಖ ತಂದೆ. ನನ್ನ ಶಾಂಪೂವಿನ ವಾಸನೆ ಬಂತು.

ಅತ್ತೆ ಕಟ್ಟೆಯಿಂದ ಇಳಿದಿರಲಿಲ್ಲ. "ಎಲ್ಲಾ ಬಿಡಿಸಿದ್ದೆ," ಎಂದರು. ಯಾರಿಗೆ ಹೇಳಿದರೋ.

"ಗಾಡಿಯೊಳಗ ನೋಡಬೇಕಂತ ಯಾರಿಗೆ ಹೊಳೀಬೇಕ್ರಿ, ಅವ್ವಾರ," ಎಂದ ದಸ್ತಗೀರಣ್ಣ. ಆಮೇಲೆ ನನ್ನ ಕಡೆ ತಿರುಗಿದ. "ಬ್ಯಾರೆ ಡಬ್ಬಿ ಹಾಕೋಣಂದ್ರ ಈ ಮಾಡೆಲ್ಲಿಂದು ಈಗ ಗುಜರಿಯೊಳಗೂ ಸಿಗೂದಿಲ್ಲ. ಇದನ್ನ ಬಿಡಿಸಬೇಕು, ಇಲ್ಲಾ ಹಿಂಗ ಇಡಬೇಕು. ನೀವು ಮನಿಯವರು ಮಾತಾಡ್ಕೋರಿ. ನಾ ನಾಳೆ ಬರ್ತೀನಿ."

ಡಬ್ಬಿಯನ್ನು ಅತ್ತೆ ಒಳಗೆ ತಂದರು. ನಡುಮನೆಯಲ್ಲಿ ಮಣೆ ಹಾಕಿ, ಅದರ ಮೇಲಿಟ್ಟು, ಸೆರಗಿನಿಂದ ಗ್ರೀಸು ಒರೆಸಿದರು. ಹಳದಿಯಾದ ಪ್ಲಾಸ್ಟಿಕ್ಕಿನ, ಅಂಕುಡೊಂಕಾದ ಒಂದು ಡಬ್ಬಿ. ಅವರು ಅದರ ಪಕ್ಕದಲ್ಲಿ ಕಾಲು ಚಾಚಿ ಕುಳಿತರು. ನಾನು ರೊಟ್ಟಿ ಬಡಿಯಲು ಹೋದೆ. ಅವರು ಡಬ್ಬಿಯ ಜೊತೆ ಮಾತಾಡುವುದು ಅಡುಗೆಮನೆಗೆ ಕೇಳುತ್ತಿತ್ತು. ಬೆಕ್ಕು ಮರಿ ಹಾಕಿದ್ದು, ಶಾಲೆಗೆ ಅವನ ಜಾಗಕ್ಕೆ ಬಂದ ಮಾಸ್ತರು ಹುಡುಗರನ್ನು ಹೊಡೆಯುವುದು, ಅವರ ಮೊಣಕಾಲು ನೋವು. ಮಗ ಬೇಗ ಮನೆಗೆ ಬಂದ ದಿನ ಹೇಳುವಂಥವೇ ಎಲ್ಲ. ನನಗೆ ಅಳು ಬರಲಿಲ್ಲ. ರೊಟ್ಟಿ ಸುಟ್ಟಿತು.

ಊಟಕ್ಕೆ ಕುಳಿತಾಗ ಅವರು ಕೇಳಿದರು. "ಮುಂದಿನ ಸೋಮಾರ ಹೋದ್ರ ನಡೆಯೂದಿಲ್ಲೇನ?"

"ಇಲ್ಲ ಅತ್ತೆ."

"ಮತ್ತೊಂದು ಕೆಲಸ ಸಿಗತೈತಿ ತಗೋ. ನಿಂದು ಇನ್ನ ಎಷ್ಟರ ವಯಸ್ಸು."

ಬೇಡ ಎನ್ನಲು ನನ್ನಲ್ಲಿ ಬಲವಿರಲಿಲ್ಲ, ಹೂಂ ಎನ್ನಲೂ ಇರಲಿಲ್ಲ. ಕೆಲಸ ಬೇಕೆಂಬ ಆಸೆಯೂ ಅಂಥ ದೊಡ್ಡದೇನಲ್ಲ. ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗ ಬೇಕಿತ್ತು, ಅಷ್ಟೆ.

ಸಂಜೆ ಕಲ್ಲವ್ವ ಬಂದಳು. ಸುದ್ದಿ ಓಣಿ ದಾಟಿ ಹೋಗಿತ್ತು. ಮಣೆಯ ಮುಂದೆ ಕುಳಿತು ಡಬ್ಬಿಯನ್ನು ಸುತ್ತಲಿಂದ ನೋಡಿದಳು. ಆಕೆಯ ಮುಖದಲ್ಲಿ ದುಃಖವಿರಲಿಲ್ಲ. ತೊಟ್ಟಿಲ ಮನೆಗೆ ಬಂದವರ ಹಾಗಿದ್ದಳು.

"ಮಾಡದಾಗ ಇಡ್ರಿ. ಬಿಸಲು ಬೀಳಬಾರದು," ಎಂದಳು. "ದಿನಾ ಒರಸ್ರಿ. ಮೊದಲ ವರ್ಷ ಸ್ವಲ್ಪ ಬ್ಯಾಸರ ಆಗತೈತಿ, ಆಮ್ಯಾಲ ರೂಢಿ ಆಗತೈತಿ. ನಾ ಎಲ್ಲಿಗೂ ಹೋಗೂದಿಲ್ಲ ನೋಡ್ರಿ. ಹೋಗಬೇಕು ಅಂತನೂ ಅನಸೂದಿಲ್ಲ. ಬಿಟ್ಟು ಹೆಂಗ ಹೋಗೂದು?"

ಅತ್ತೆ ಆಕೆಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಕಲ್ಲವ್ವ ಹೋಗುವಾಗ ಹೊಸ್ತಿಲಿನಲ್ಲಿ ನಿಂತು ನನ್ನ ಗಲ್ಲ ಸವರಿದಳು. ಆಕೆಯ ಅಂಗೈ ತುಂಬ ಮೆತ್ತಗಿತ್ತು.

ಭಾನುವಾರ ನಾನು ಎದ್ದಾಗ ಅತ್ತೆ ಸ್ನಾನ ಮುಗಿಸಿ ಅದೇ ಜಾಗದಲ್ಲಿದ್ದರು. ಚಹಾ ಕೊಟ್ಟೆ. ಕುಡಿಯುತ್ತ, ಡಬ್ಬಿಯ ಕಡೆ ನೋಡುತ್ತ ಕೇಳಿದರು.

"ಇದನ್ನ ಯಾವಾಗ ತುಂಬಿದ್ದ?"

"ಅವರು ಬೀಳುವ ಹಿಂದಿನ ದಿನ. ಶನಿವಾರ."

"ಎಲ್ಲಿಗೆ ಹೋಗಾವಿದ್ದ?"

"ಅವರಲ್ಲ. ನಾನು. ಸೋಮವಾರ ಸಂದರ್ಶನ ಇತ್ತಲ್ಲ. ಗೂಡಿನ ದಾರಿಯಲ್ಲಿ ನಿನಗೆ ಬೇಕಾಗುತ್ತದೆ ಅಂತ ತುಂಬಿದರು. ಬಚ್ಚಲಿನಿಂದ ನನ್ನ ಶಾಂಪೂ ತೆಗೆದುಕೊಂಡು ಹೋಗಿ ಅದಕ್ಕೆ ಹಾಕಿದರು. ಗಾಜು ಚೆನ್ನಾಗಿ ಆಗುತ್ತದಂತೆ. ಜಗಳ ಆಡಿದ್ದೆ."

ಅತ್ತೆ ಚಹಾ ಮುಗಿಸಿದರು. ಲೋಟವನ್ನು ನೆಲಕ್ಕೆ ಇಟ್ಟು, ಅದರ ಅಂಚಿನ ಮೇಲೆ ಬೆರಳು ಸುತ್ತಿಸುತ್ತ ಕುಳಿತರು.

"ಹಂಗಾರ ನಿನಗಂತ ತುಂಬ್ಯಾನ."

"ಹೂಂ."

"ನನಗಂತ ಅಲ್ಲ." ಲೋಟವನ್ನು ಪಕ್ಕಕ್ಕೆ ಸರಿಸಿದರು. "ನೀ ಹೋಗಲಿ ಅಂತ ತುಂಬಿದ ನೀರು ಇಟಗೊಂಡು ನಿನ್ನ ಮನ್ಯಾಗ ಕೂಡಸ್ಲೇನು? ದಸ್ತಗೀರಗ ಬಾ ಅನ್ನು."

ಅವನು ಬಂದ. ಆದರೆ ಡಬ್ಬಿಯ ಬಾಯೊಳಗೆ ನನ್ನ ಕೈ ಹೋಗಲಿಲ್ಲ, ಅತ್ತೆಯ ಕೈಯೂ ಹೋಗಲಿಲ್ಲ. ತಳದ ತೂತಂತೂ ಬೆರಳಿಗೂ ಸಾಲದು. ಕೊಯ್ದರೆ ಡಬ್ಬಿ ಹೋಗುತ್ತದೆ. ದಸ್ತಗೀರಣ್ಣ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇನ್ನೇನ್ ಮಾಡೂದ್ರಿ," ಎಂದ.

"ಸಣ್ಣ ಬಾಯಿ ಹೂಜಿ ಇದ್ರ ನಮ್ಮವ್ವ ಬಾಯಿಲೇ ಬಿಡಸ್ತಿದ್ಲು," ಎಂದರು ಅತ್ತೆ. "ಕೈ ಹೋಗದಲ್ಲಿ ಬಾಯಿ. ಆ ಪೈಪ್ ಎಳಿಯಾಕ ಬರತೈತಿಲ್ಲೋ?"

ಬರುತ್ತಿತ್ತು. ಅವನು ಡಬ್ಬಿಯನ್ನು ಮತ್ತೆ ಅದರ ಜಾಗದಲ್ಲಿ ಕೂಡಿಸಿ, ಪೈಪನ್ನು ತಳದ ತೂತಿಗೇ ನೇರವಾಗಿ ಸಿಕ್ಕಿಸಿ, ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟ. ಕೊಟ್ಟು ಬೆನ್ನು ತಿರುಗಿಸಿ ನಿಂತ. ನೀರು ಬಿಡಿಸುವಾಗ ಹೊರಗಿನವರು ನೋಡುವುದಿಲ್ಲ. ಓಣಿಯಲ್ಲಿ ಬರುತ್ತಿದ್ದ ಹಾಲಿನವನು ಸೈಕಲ್ ನಿಲ್ಲಿಸಿ ಗೋಡೆಯ ಕಡೆ ಮುಖ ಮಾಡಿದ. ಕಲ್ಲವ್ವನ ಬಾಗಿಲು ಮುಚ್ಚಿತು.

ಬಾನೆಟ್ಟಿನೊಳಗೆ ಬಗ್ಗಿ ಪೈಪನ್ನು ಬಾಯಲ್ಲಿಟ್ಟು ಎಳೆದೆ. ಬರಲಿಲ್ಲ. ಉಸಿರು ಬಿಟ್ಟು ಮತ್ತೆ ಎಳೆದೆ. ಪೈಪಿನೊಳಗೆ ಏನೋ ಅಲುಗಿದ ಹಾಗಾಯಿತು, ನಿದ್ದೆಯಲ್ಲಿದ್ದವರು ಮಗ್ಗಲು ಬದಲಿಸಿದ ಹಾಗೆ. ಆಮೇಲೆ ಬಂತು. ಬೆಚ್ಚಗಿತ್ತು. ಶಾಂಪೂ, ಸುಣ್ಣ, ಹಳೆಯ ಪ್ಲಾಸ್ಟಿಕ್ಕು. ಕಹಿ. ಬಾಯಿ ತುಂಬಿತು. ನುಂಗುವಂತಿರಲಿಲ್ಲ. ಉಗುಳಲು ಆಗಲಿಲ್ಲ. ಕೆನ್ನೆ ಉಬ್ಬಿಸಿಕೊಂಡು ಕಾರಿಗೆ ಕೈ ಊರಿ ನಿಂತೆ.

ಅತ್ತೆ ನನ್ನ ಗಲ್ಲದ ಕೆಳಗೆ ಬೊಗಸೆ ಒಡ್ಡಿದರು.

"ಉಗಳು."

ನಾನು ತಲೆಯಾಡಿಸಿದೆ.

"ಉಗಳವ್ವಾ, ಶಾಂಭವಿ. ನಾ ಹಿಡಕೊಂಡೀನಿ."

ಉಗುಳಿದೆ. ಅವರು ಒಂದು ಹನಿಯೂ ಚೆಲ್ಲದಂತೆ ನಡೆದುಹೋಗಿ ಅಂಗಳದ ಕರಿಬೇವಿನ ಬುಡಕ್ಕೆ ಬಿಟ್ಟು ಬಂದರು. ಮತ್ತೆ ಒಡ್ಡಿದರು. ಹೀಗೆ ನಾನು ಎಳೆಯುವುದು, ಅವರು ಒಯ್ಯುವುದು. ನನಗೆ ದವಡೆ ನೋಯಲು ಶುರುವಾದಾಗ ಅವರು ಪೈಪು ತೆಗೆದುಕೊಂಡರು, ನಾನು ಬೊಗಸೆ ಒಡ್ಡಿದೆ. ಒಂದು ಗುಟುಕು ಎಳೆದವರೇ ಮುಖ ಸಿಂಡರಿಸಿ ನನ್ನ ಕೈಗೆ ಉಗುಳಿದರು. ಅವರ ತುಟಿಯ ಮೇಲೆ ಬುರುಗು ನಿಂತಿತ್ತು.

"ಎಷ್ಟು ಹಾಕ್ಯಾನ ಇದರಾಗ, ಮೂಳ? ಬಾಯಿ ತುಂಬ ಬುರುಗು."

"ಇದ್ದದ್ದೆಲ್ಲ ಹಾಕಿದ್ದರು."

"ಹೆಂಡತಿ ತಲಿಗೆ ಇಲ್ಲ, ಗಾಡಿಗೆ ಹಾಕಿದ್ನೇನ?"

ಅವರ ಮೂಗಿನಿಂದ ಒಂದು ಗುಳ್ಳೆ ಬಂದು ಒಡೆಯಿತು. ಅವರು ನಗಲು ಶುರು ಮಾಡಿದರು. ಮಗ ಹೋದ ಮೇಲೆ ಅವರು ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ನನ್ನ ಗಂಟಲಲ್ಲೂ ಏನೋ ಸದ್ದಾಯಿತು. ನಗುವೇ ಇರಬೇಕು ಅಂದುಕೊಂಡೆ. ಆದರೆ ಅದು ನಿಲ್ಲಲಿಲ್ಲ. ಬೊಗಸೆಯಲ್ಲಿದ್ದ ನೀರು ಅಲುಗುತ್ತಿತ್ತು. ಅತ್ತೆ ತಮ್ಮ ಎರಡೂ ಕೈಗಳನ್ನು ನನ್ನ ಕೈಗಳ ಕೆಳಗೆ ಹಿಡಿದರು. ಹಾಗೆಯೇ ಹಿಡಿದುಕೊಂಡು ಇಬ್ಬರೂ ಕರಿಬೇವಿನ ತನಕ ಹೋದೆವು.

"ಆತೇನ್ರಿ?" ಎಂದ ದಸ್ತಗೀರಣ್ಣ, ಬೆನ್ನು ತಿರುಗಿಸಿಕೊಂಡೇ.

"ಇನ್ನೂ ಐತಿ. ನಿಂದ್ರು," ಎಂದರು ಅತ್ತೆ.

ಕೊನೆಗೆ ಪೈಪು ಬರೀ ಗಾಳಿ ಎಳೆಯಿತು. ದಸ್ತಗೀರಣ್ಣ ಅದನ್ನು ಹಳೆಯ ಹಾಗೆ ಜೋಡಿಸಿದ. ಹಳೆಯ ಮೋಟರನ್ನೇ ಹಾಕಿದ. ಅದರದು ಏನೂ ತಪ್ಪಿರಲಿಲ್ಲ. ನಾನು ಚೊಂಬಿನಲ್ಲಿ ನೀರು ತಂದು, ಬಚ್ಚಲಿನಿಂದ ಒಂದು ಶಾಂಪೂ ಪಾಕೀಟನ್ನೂ ತಂದು ಅದಕ್ಕೆ ಹಿಂಡಿದೆ. ಸುರಿಯಲು ಬಗ್ಗಿದವಳು ನಿಂತೆ. "ಬನ್ನಿ ಅತ್ತೆ, ಕೈ ಹಚ್ಚಿ" ಎಂದೆ. ಅವರು ಚೊಂಬಿನ ತಳಕ್ಕೆ ಕೈ ಕೊಟ್ಟರು. ನೀರು ಒಳಗೆ ಹೋಯಿತು. ಈ ಸಲ ನೋಡಿದೆ.

ಕಡ್ಡಿ ಎಳೆದಾಗ ಬಲಗಡೆಯ ತೂತು ಗಾಜಿನ ನಡುವಿಗೆ ಚಿಮ್ಮಿತು. ಎಡಗಡೆಯದು ಕಾರಿನ ತಲೆಯ ಮೇಲಿನಿಂದ ಹಾರಿ ಹಿಂದೆ ನಿಂತಿದ್ದ ಹಾಲಿನವನ ಕ್ಯಾನಿನ ಮೇಲೆ ಬಿತ್ತು. ದಸ್ತಗೀರಣ್ಣ ಕಿಸೆಯಿಂದ ಗುಂಡುಪಿನ್ನು ತೆಗೆದ.

"ಇದನ್ನೊಂದು ಸೀದಾ ಮಾಡಿಬಿಡ್ತೀನಿ."

"ಬೇಡ."

"ಹಿಂದ ಬರೋರ ಮ್ಯಾಲ ಬೀಳತೈತ್ರಿ ಅಕ್ಕಾರ."

"ಬೀಳಲಿ."

ಅವನು ಅತ್ತೆಯ ಕಡೆ ನೋಡಿದ. ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದರು. ಅವನು ಪಿನ್ನನ್ನು ಅಂಗಿಗೆ ಸಿಕ್ಕಿಸಿಕೊಂಡ.

ಸೋಮವಾರ ಬೆಳಿಗ್ಗೆ ಗೂಡಿನ ದಾರಿಯಲ್ಲಿ ಮೊದಲ ಲಾರಿ ಎದುರಾಯಿತು. ಗಾಜು ಬೆಳ್ಳಗಾಯಿತು. ಕಡ್ಡಿ ಎಳೆದೆ. ನೀರು ಬಂತು, ವೈಪರ್ ಎದ್ದಿತು, ನನ್ನ ಮುಂದೆ ದಾರಿ ಒಂದು ಬೀಸಣಿಗೆಯ ಆಕಾರದಲ್ಲಿ ತೆರೆಯಿತು. ಹಿಂದಿನಿಂದ ಹಾರ್ನು ಕೇಳಿಸಿತು, ಬಿಡದೆ. ಒಬ್ಬ ಬೈಕಿನವನು ಪಕ್ಕಕ್ಕೆ ಬಂದು ಕಿಟಕಿ ತಟ್ಟಿದ. ಅವನ ಮುಖದ ಸುಣ್ಣದಲ್ಲಿ ನೀರು ಗೆರೆ ಕೊರೆದು ಇಳಿಯುತ್ತಿತ್ತು. ಗಾಜು ಇಳಿಸಿದೆ.

"ಇದು ಆ ಮಾಸ್ತರ ಗಾಡಿ ಅಲ್ಲೇನ್ರಿ?" ಎಂದ ಸಿಟ್ಟಿನಿಂದ, ಮುಖ ಒರೆಸಿಕೊಳ್ಳುತ್ತ. "ಇನ್ನೂ ರಿಪೇರಿ ಮಾಡಸಿಲ್ಲೇನ್ರಿ ಇದನ್ನ?"

"ಮಾಡಸೀನ್ರಿ," ಎಂದೆ.